ಸಹಾಯ ಬೇಕು: ವಕೀಲರ ಕಚೇರಿಯ ದಾನನಿಧಿಗೆ ನಿಯಮಾವಳಿ

ಎಲ್ಲರಿಗೂ ನಮಸ್ಕಾರ. ವಕೀಲರು, ಗುಮಾಸ್ತರು, ಟೈಪಿಸ್ಟರು ಎಲ್ಲ ಸೇರಿ ನಡೆಸುವ ದಾನನಿಧಿಗೆ ನಿಯಮಾವಳಿ ಬರೆಯುತ್ತಿದ್ದೇವೆ. ಇಂಥದ್ದು ನಡೆಸಿ ಬಲ್ಲವರ ಸಲಹೆ ಬೇಕು.

ಪ್ರತ್ಯೇಕ ಬ್ಯಾಂಕ್ ಖಾತೆ, ಪ್ರತಿ ಚೆಕ್ಕಿಗೂ ಇಬ್ಬರ ಸಹಿ ಎಂಬುದು ತೀರ್ಮಾನವಾಗಿದೆ. ಕಕ್ಷಿದಾರರ ಹಣವಿರುವ ಖಾತೆಯಿಂದ ಒಂದು ಪೈಸೆಯೂ ಇತ್ತ ಬರಬಾರದು. ಕೇಸು ಮುಗಿದ ಮೇಲೆ ಉಳಿದ ಚಿಲ್ಲರೆ ಮೊತ್ತವೂ ಕಕ್ಷಿದಾರರದ್ದೇ. ವಾರಸುದಾರರು ಸಿಗಲಿಲ್ಲವೆಂದು ಅದನ್ನು ದಾನಕ್ಕೆ ಹಾಕಿದರೆ ಶಿಸ್ತುಕ್ರಮಕ್ಕೆ ದಾರಿಯಾಗಬಹುದು.

ತೊಡಕಿರುವುದು ಹಿತಾಸಕ್ತಿ ಸಂಘರ್ಷದಲ್ಲಿ, ಅಂದರೆ ನಮ್ಮ ಕೇಸುಗಳಲ್ಲಿ ಪಕ್ಷವಾಗಿರುವವರಿಗೇ ದಾನ ಹೋಗುವ ಸಂದರ್ಭದಲ್ಲಿ. ದಾನ ಪಡೆಯುವ ಸಂಸ್ಥೆಯ ಹೆಸರನ್ನಷ್ಟೇ ಅಲ್ಲ, ಅದರ ಟ್ರಸ್ಟಿಗಳ ಹೆಸರುಗಳನ್ನೂ ಕಕ್ಷಿದಾರರ ಮತ್ತು ಎದುರುದಾರರ ಪಟ್ಟಿಯೊಂದಿಗೆ ತಾಳೆ ನೋಡಬೇಕು. ವರ್ಷಕ್ಕೊಮ್ಮೆ ನೋಡಿದರೆ ಸಾಲದು, ನಡುವೆ ಹೊಸ ವಕಾಲತ್ತು ಬರುತ್ತಲೇ ಇರುತ್ತದೆ. ಹಾಗಾಗಿ ದಾನದ ಪ್ರತಿ ಕಂತಿಗೂ ಮೊದಲು ನೋಡುವುದೇ ಸರಿ ಅನಿಸುತ್ತದೆ.

ಇನ್ನೊಂದು ಮಾತು: ಹಣ ಕೊಟ್ಟೆವೆಂದು ಉಚಿತ ವಕಾಲತ್ತು ಕಡಿಮೆಯಾಗಬಾರದು. ಅಮೆರಿಕನ್ ಬಾರ್ ಅಸೋಸಿಯೇಷನ್ನಿನ ಮಾದರಿ ನಿಯಮ 6.1 ವರ್ಷಕ್ಕೆ ಕನಿಷ್ಠ 50 ಗಂಟೆ ಉಚಿತ ಸೇವೆಯ ಗುರಿ ಇಟ್ಟು, ಅದರ ಜೊತೆಗೆ ಹಣದ ನೆರವನ್ನೂ ಕೇಳುತ್ತದೆ. ಬಡವರಿಗೆ ಬೇಕಾದದ್ದು ಮೊದಲು ವಕೀಲರೇ.

ತಿಳಿದವರು ದಯವಿಟ್ಟು ಹೇಳಿ:
ಮೊದಲ ಕಂತು ಕೊಟ್ಟ ಮೇಲೆ ಅದೇ ಸಂಸ್ಥೆ ಎದುರುದಾರನಾದರೆ ಉಳಿದ ಕಂತು ತಡೆಹಿಡಿಯಲು ಒಪ್ಪಂದದಲ್ಲಿ ಯಾವ ಷರತ್ತು ಬರೆಯುತ್ತೀರಿ?
ಕಿರಿಯ ನೌಕರರ ಮೇಲೆ ಒತ್ತಡ ಬೀಳದಂತೆ, ಯಾರು ಎಷ್ಟು ಕೊಟ್ಟರೆಂಬುದನ್ನು ಹಿರಿಯ ವಕೀಲರಿಂದ ಗುಟ್ಟಾಗಿಡುವುದು ಹೇಗೆ?

ಬಳಕೆಯಲ್ಲಿರುವ ಕರಡು ಇದ್ದರೆ ಹೆಸರುಗಳನ್ನು ಅಳಿಸಿ ಇಲ್ಲೇ ಹಾಕಿ.