ವಿಂಡೋಸ್ 98ರಲ್ಲಿ ಕನ್ನಡ ಸೈಟ್‌ಗಳು: ಒಂದೋ ತೆರೆಯುವುದಿಲ್ಲ, ತೆರೆದರೆ ಬರೀ ಡಬ್ಬಿ

ಮಲೆನಾಡ್ ಮೋಡೆಮ್:
ಎಲ್ಲರಿಗೂ ನಮಸ್ಕಾರ. ಅಪ್ಪನ ಡಿಟಿಪಿ ಅಂಗಡಿಯ ಹಳೇ ಕಂಪ್ಯೂಟರನ್ನು ಅಟ್ಟದಿಂದ ಇಳಿಸಿದ್ದೇನೆ. ಪೆಂಟಿಯಂ 3, 128 ಎಂಬಿ ರ‍್ಯಾಮ್, ವಿಂಡೋಸ್ 98 ಸೆಕೆಂಡ್ ಎಡಿಷನ್, ಇಂಟರ್ನೆಟ್ ಎಕ್ಸ್‌ಪ್ಲೋರರ್ 6. ರಿಯಲ್‌ಟೆಕ್ 8139 ಕಾರ್ಡ್ ಹಾಕಿ ರೂಟರ್‌ಗೆ ಕೇಬಲ್ ಕೊಟ್ಟಿದ್ದೇನೆ, ಪಿಂಗ್ ಹೋಗುತ್ತದೆ. ಆದರೆ ಕನ್ನಡ ವಿಕಿಪೀಡಿಯ ಅಂತ ಹೊಡೆದರೆ ‘ದಿ ಪೇಜ್ ಕೆನಾಟ್ ಬಿ ಡಿಸ್‌ಪ್ಲೇಯ್ಡ್’. ಹಳೇ ವಿಂಡೋಸ್‌ಗೆಂದೇ ಇರುವ ರೆಟ್ರೊಝಿಲ್ಲಾ ಬ್ರೌಸರ್ ಹಾಕಿದ ಮೇಲೆ ಕೆಲವು ಸೈಟ್ ತೆರೆಯುತ್ತವೆ, ಆದರೆ ಕನ್ನಡ ಇರುವಲ್ಲೆಲ್ಲ ಚೌಕ ಡಬ್ಬಿ.

ವಿಚಿತ್ರ ಏನಂದರೆ ಇದೇ ಮೆಷಿನ್‌ನಲ್ಲಿ ‘ಬರಹ’ ಸಾಫ್ಟ್‌ವೇರ್‌ನಲ್ಲಿ ಅಪ್ಪ ಮಾಡಿಟ್ಟ ಹಳೇ ಫೈಲ್‌ಗಳು ಲಕ್ಷಣವಾಗಿ ಕಾಣುತ್ತವೆ. ಅಂದರೆ ಕನ್ನಡ ಫಾಂಟ್ ಇದೆ ಅಂತಾಯಿತು ಅಲ್ವಾ? ಬ್ರೌಸರ್‌ಗೆ ಯಾಕೆ ಸಿಗುತ್ತಿಲ್ಲ? ಮನೆಯಲ್ಲಿ ಒಂದು ರಾಸ್ಪ್‌ಬೆರಿ ಪೈ 4 (ಪುಟ್ಟ ಕಂಪ್ಯೂಟರ್) ಸುಮ್ನೆ ಬಿದ್ದಿದೆ, ಅದರಿಂದ ಏನಾದರೂ ಆಗುತ್ತದಾ?

ಎಕ್ಸ್‌ಪಿಪ್ರಿಯ:
ಎಕ್ಸ್‌ಪಿ ಹಾಕಿಬಿಡಿ ಸಾರ್. ಕಂಟ್ರೋಲ್ ಪ್ಯಾನೆಲ್‌ನ ರೀಜನಲ್ ಸೆಟ್ಟಿಂಗ್‌ನಲ್ಲಿ ಲ್ಯಾಂಗ್ವೇಜಸ್ ಟ್ಯಾಬ್‌ಗೆ ಹೋಗಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅನ್ನುವುದಕ್ಕೆ ಟಿಕ್ ಹಾಕಿ. ಸಿಡಿ ಕೇಳುತ್ತದೆ, ಕೊಟ್ಟರೆ ತುಂಗಾ ಫಾಂಟ್‌ನಲ್ಲಿ ಕನ್ನಡ ಬರುತ್ತದೆ.

ಬೆಸುಗೆಕಡ್ಡಿ:
128 ಎಂಬಿಯಲ್ಲಿ ಎಕ್ಸ್‌ಪಿ ತೆವಳುತ್ತದೆ. ಕನ್ನಡ ಬಂದರೂ ಇವತ್ತಿನ ಬ್ರೌಸರ್ ಬರುವುದಿಲ್ಲ. ಪೆಂಟಿಯಂ 3ರಲ್ಲಿ ಎಸ್‌ಎಸ್‌ಇ2 ಅನ್ನುವ ಪ್ರೊಸೆಸರ್ ಸೌಲಭ್ಯ ಇಲ್ಲ, ವಿಂಡೋಸ್‌ನಲ್ಲಿ ಫೈರ್‌ಫಾಕ್ಸ್ 49ರಿಂದಾಚೆಗೆ ಅದು ಬೇಕೇ ಬೇಕು. ಅಂಗಡಿಯ ಹಳೇ ಸಾಫ್ಟ್‌ವೇರ್ ಇರುವ 98ನ್ನು ಇದಕ್ಕೋಸ್ಕರ ಅಳಿಸುವುದು ಬೇಡ ಅಂತ ನನ್ನ ಅಭಿಪ್ರಾಯ.

ಮೋಡೆಮ್ ಅವರೇ, ನಿಮ್ಮದು ಎರಡು ಬೇರೆ ಬೇರೆ ತೊಂದರೆ.

ಪುಟ ತೆರೆಯದಿರುವುದಕ್ಕೆ ಕಾರಣ ಎಚ್‌ಟಿಟಿಪಿಎಸ್, ಅಂದರೆ ಗುಟ್ಟು ಸಂಕೇತದಲ್ಲಿ ನಡೆಯುವ ಸಂಪರ್ಕ. 98ರಲ್ಲಿರುವ ಎಕ್ಸ್‌ಪ್ಲೋರರ್ 6ಕ್ಕೆ ಆ ಗುಟ್ಟಿನ ನಿಯಮಾವಳಿಯಲ್ಲಿ ಟಿಎಲ್‌ಎಸ್ 1.0 ದಾಟಿ ಏನೂ ಗೊತ್ತಿಲ್ಲ. 1.0, 1.1 ಎರಡನ್ನೂ 2021ರ ಮಾರ್ಚ್‌ನಲ್ಲಿ ಅಧಿಕೃತವಾಗಿಯೇ ಕೈಬಿಟ್ಟರು. ವಿಕಿಪೀಡಿಯ ಅದಕ್ಕೂ ಮೊದಲೇ 1.2 ಇಲ್ಲದವರನ್ನು ಒಳಗೆ ಬಿಡುವುದು ನಿಲ್ಲಿಸಿತ್ತು. ಸೆಟ್ಟಿಂಗ್‌ನಲ್ಲಿ ಯಾವ ಟಿಕ್ ಹಾಕಿದರೂ ಪ್ರಯೋಜನ ಇಲ್ಲ. ರೆಟ್ರೊಝಿಲ್ಲಾಕ್ಕೆ 1.2 ಸೇರಿಸಿದ್ದಾರೆ, ಅದಕ್ಕೇ ಅದರಲ್ಲಿ ಕೆಲವಾದರೂ ತೆರೆಯುತ್ತವೆ.

ಇನ್ನು ಡಬ್ಬಿ ವಿಷಯ. ಬರಹದ ಆ ಹಳೇ ಫೈಲ್ ಒಂದನ್ನು ತೆಗೆದು ಫಾಂಟನ್ನು ಏರಿಯಲ್‌ಗೆ ಬದಲಿಸಿ ನೋಡಿ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಫೈಲ್‌ನಲ್ಲಿ ನಿಜವಾಗಿ ಇರುವುದು ಅದೇ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಫಾಂಟ್ ಕನ್ನಡದ ಆಕಾರ ಬಿಡಿಸುತ್ತದೆ ಅಷ್ಟೆ, ಒತ್ತಕ್ಷರಕ್ಕೂ ಒಂದು ಬೇರೆ ಆಕಾರ ಇಟ್ಟಿರುತ್ತಾರೆ. 98ಕ್ಕೆ ತಾನು ಕನ್ನಡ ತೋರಿಸುತ್ತಿದ್ದೇನೆ ಅಂತಲೇ ಗೊತ್ತಿರುವುದಿಲ್ಲ. ವೆಬ್‌ನಲ್ಲಿ ಈಗ ಇರುವುದು ಯೂನಿಕೋಡ್, ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಪದ್ಧತಿ. ಅದರಲ್ಲಿ ‘ಅಕ್ಕ’ ಅಂದರೆ ಅ, ಕ, ವಿರಾಮ (‘ಕ್’ನಲ್ಲಿ ಇರುವ ಅರ್ಧಾಕ್ಷರದ ಚಿಹ್ನೆ), ಮತ್ತೆ ಕ, ಹೀಗೆ ಸಾಲಾಗಿ ನಾಲ್ಕು ಸಂಕೇತ. ಎರಡನೇ ಕ ಒತ್ತಾಗಿ ಕೆಳಗೆ ಹೋಗಬೇಕು ಅಂತ ಯಾರಾದರೂ ಹೇಳಬೇಕಲ್ಲ, ವಿಂಡೋಸ್‌ನಲ್ಲಿ ಆ ಕೆಲಸ ಯೂನಿಸ್ಕ್ರೈಬ್‌ನದು. ವಿಂಡೋಸ್ 2000ದಲ್ಲಿ ದೇವನಾಗರಿ, ತಮಿಳು ಬಂತು. ಕನ್ನಡ ಬಂದಿದ್ದು ಎಕ್ಸ್‌ಪಿಯಲ್ಲಿ. 98ಕ್ಕೆ ಬರೀ ಫಾಂಟ್ ಹಾಕಿದರೆ ಸಾಲದು.

ಹಾಗಾಗಿ ಹಳೇ ಮೆಷಿನ್‌ಗೆ ಬ್ರೌಸರ್ ಹುಡುಕುವುದು ಬಿಡಿ. ಕೆಲಸವನ್ನೆಲ್ಲ ಪೈಗೆ ಕೊಡಿ. ವೆಬ್ ರೆಂಡರಿಂಗ್ ಪ್ರಾಕ್ಸಿ ಅಂತ ಒಂದು ಸಾಫ್ಟ್‌ವೇರ್ ಇದೆ (ಪ್ರಾಕ್ಸಿ ಅಂದರೆ ಬ್ರೌಸರ್‌ಗೂ ಸೈಟ್‌ಗೂ ನಡುವಿನ ಮಧ್ಯವರ್ತಿ), ಡಬ್ಲ್ಯೂಆರ್‌ಪಿ ಅನ್ನುತ್ತಾರೆ. ಪೈನಲ್ಲಿ ಕ್ರೋಮಿಯಂ ಬ್ರೌಸರ್ ಪರದೆ ಇಲ್ಲದೆ ಓಡುತ್ತದೆ, ಡಬ್ಲ್ಯೂಆರ್‌ಪಿ ಇಡೀ ಪುಟದ ಚಿತ್ರ ತೆಗೆದು ನಿಮ್ಮ ಎಕ್ಸ್‌ಪ್ಲೋರರ್‌ಗೆ ಕಳಿಸುತ್ತದೆ. ನೀವು ಚಿತ್ರದ ಮೇಲೆ ಎಲ್ಲಿ ಕ್ಲಿಕ್ ಮಾಡಿದಿರಿ ಅನ್ನುವ ಲೆಕ್ಕ ವಾಪಸ್ ಹೋಗುತ್ತದೆ, ಅಲ್ಲಿ ಕ್ರೋಮಿಯಂ ಆ ಜಾಗವನ್ನು ಒತ್ತುತ್ತದೆ. ಒತ್ತಕ್ಷರ ಜೋಡಿಸುವುದೂ ಪೈ, ಸೈಟಿನ ಸರ್ಟಿಫಿಕೇಟ್ (ಗುರುತುಪತ್ರ) ಅವಧಿ ನೋಡುವುದೂ ಪೈ. ನಿಮ್ಮ ಮೆಷಿನ್ ಸೆಲ್ ಸತ್ತು ಗಡಿಯಾರ ಹಿಂದಕ್ಕೆ ಹೋಗಿದ್ದರೂ ಅಡ್ಡಿಯಿಲ್ಲ.

ಹೆಸರಲ್ಲಿ ಪ್ರಾಕ್ಸಿ ಇದೆ ಅಂತ ಲ್ಯಾನ್ ಸೆಟ್ಟಿಂಗ್‌ನ ಪ್ರಾಕ್ಸಿ ಡಬ್ಬಿಯಲ್ಲಿ ಹಾಕಬೇಡಿ. ಪೈನ ಐಪಿ, ಮುಂದೆ 8080 ಪೋರ್ಟ್, ಇದನ್ನು ಅಡ್ರೆಸ್ ಬಾರ್‌ನಲ್ಲೇ ಸಾಮಾನ್ಯ ಸೈಟ್ ಥರ ತೆರೆಯಬೇಕು.

ಎಕ್ಸ್‌ಪಿಪ್ರಿಯ:
ವೆಬ್‌ಒನ್ ಸುಲಭ ಅಲ್ವಾ? ಅದು ನಿಜವಾದ ಪ್ರಾಕ್ಸಿ.

ಬೆಸುಗೆಕಡ್ಡಿ:
ಇಂಗ್ಲಿಷ್ ಸೈಟ್‌ಗಾದರೆ ನಾನೂ ಅದನ್ನೇ ಹೇಳುತ್ತಿದ್ದೆ. ವೆಬ್‌ಒನ್ ಎಚ್‌ಟಿಟಿಪಿಎಸ್ ಬಿಚ್ಚಿ ಎಚ್‌ಟಿಟಿಪಿಯಾಗಿ ಕೊಡುತ್ತದೆ, ಹಳಬರಿಗೆ ಅರ್ಥವಾಗದ ವೆಬ್‌ಪಿ ಚಿತ್ರಗಳನ್ನೂ ಬದಲಿಸಿಕೊಡಬಲ್ಲದು. ಆದರೆ ಅಕ್ಷರ ಅಕ್ಷರವಾಗಿಯೇ ಬರುತ್ತದೆ, ಅಂದರೆ ಮತ್ತೆ ಡಬ್ಬಿ. ಹಳೇ ಕಂಪ್ಯೂಟರ್‌ಗಳಿಗೆಂದೇ ಇರುವ ಫ್ರಾಗ್‌ಫೈಂಡ್ ಸರ್ಚ್ ಸೈಟ್ ಬಳಸಿದರೂ ಇದೇ ಕಥೆ. ಡಬ್ಲ್ಯೂಆರ್‌ಪಿ, ವೆಬ್‌ಒನ್ ಎರಡನ್ನೂ ಒಂದೇ ಪೈನಲ್ಲಿ ಇಡಬಹುದು, ಆದರೆ ವೆಬ್‌ಒನ್ ಕೂಡ 8080 ಪೋರ್ಟನ್ನೇ ಹಿಡಿಯುತ್ತದೆ. ಒಂದಕ್ಕೆ 8081 ಕೊಡಿ.

ಮಲೆನಾಡ್ ಮೋಡೆಮ್:
ಡಬ್ಲ್ಯೂಆರ್‌ಪಿ ಓಡುತ್ತಿದೆ! ವಿಕಿಪೀಡಿಯ ಬಂತು, ಚಿತ್ರ ಎಲ್ಲ ಸರಿ. ಆದರೆ ಕನ್ನಡದ ಜಾಗದಲ್ಲಿ ಈಗಲೂ ಡಬ್ಬಿ. ಪುಟ ಪರದೆಗಿಂತ ದೊಡ್ಡದಾಗಿ ಬರುತ್ತದೆ, ಒಂದೊಂದು ಕ್ಲಿಕ್‌ಗೂ ತುಂಬಾ ಕಾಯಬೇಕು.

ಬೆಸುಗೆಕಡ್ಡಿ:
ಈಗಿನ ಡಬ್ಬಿ 98ದಲ್ಲ, ಪೈನದು. ಡೆಸ್ಕ್‌ಟಾಪ್ ಇಲ್ಲದ ಲೈಟ್ ಆವೃತ್ತಿ ಹಾಕಿದ್ದೀರಿ ಅನ್ನಿಸುತ್ತದೆ, ಅದರಲ್ಲಿ ಕನ್ನಡ ಫಾಂಟ್ ಇರುವುದಿಲ್ಲ. ಲೋಹಿತ್ ಕನ್ನಡ ಅಥವಾ ಗುಬ್ಬಿ ಫಾಂಟ್ ಪ್ಯಾಕೇಜ್ ಹಾಕಿ, ಆಮೇಲೆ ಡಬ್ಲ್ಯೂಆರ್‌ಪಿ ನಿಲ್ಲಿಸಿ ಮತ್ತೆ ಶುರು ಮಾಡಿ. ಹಾಗೇ ಓಡುತ್ತಿರುವ ಕ್ರೋಮಿಯಂ ಹೊಸ ಫಾಂಟನ್ನು ಗಮನಿಸದೇ ಇರಬಹುದು.

ಪುಟದ ಮೇಲ್ಗಡೆ ಅಗಲ, ಎತ್ತರದ ಡಬ್ಬಿಗಳಿವೆ. 800x600 ಪರದೆಯಾದರೆ ಅಗಲ 760 ಇಡಿ, ಪಕ್ಕದ ಸ್ಕ್ರಾಲ್ ಪಟ್ಟಿಗೂ ಜಾಗ ಬೇಕು. ಚಿತ್ರ ಜಿಫ್ ಇದ್ದರೆ ಪಿಎನ್‌ಜಿ ಮಾಡಿ. ಜಿಫ್‌ಗೆ ಬಣ್ಣಗಳನ್ನು 256ಕ್ಕೆ ಇಳಿಸಬೇಕು, ಪೈಗೆ ಆ ಲೆಕ್ಕವೇ ಜಾಸ್ತಿ ಹೊತ್ತು ಹಿಡಿಯುತ್ತದೆ.

ಮತ್ತೆ, ಬ್ಯಾಂಕ್, ಇಮೇಲ್ ಪಾಸ್‌ವರ್ಡ್ ಇದರಲ್ಲಿ ಹಾಕಲೇಬೇಡಿ. ಹಳೇ ಮೆಷಿನ್‌ನಿಂದ ಪೈವರೆಗೆ ಎಲ್ಲವೂ ಬಿಚ್ಚಿದ ಪತ್ರದ ಹಾಗೆ ಹೋಗುತ್ತದೆ. ರೂಟರ್‌ನಲ್ಲಿ ಆ ಪೋರ್ಟನ್ನು ಹೊರಗಡೆಗೆ ತೆರೆಯಲೂ ಬೇಡಿ.

ಮಲೆನಾಡ್ ಮೋಡೆಮ್:
ಗುಬ್ಬಿ ಹಾಕಿದೆ. ಬಂತು ಸಾರ್! ಒತ್ತು, ದೀರ್ಘ ಎಲ್ಲ ಸರಿಯಾಗಿದೆ. ಪಿಎನ್‌ಜಿ ಮಾಡಿದ ಮೇಲೆ ವೇಗವೂ ಪರವಾಗಿಲ್ಲ. ಇನ್ನೊಂದೇ ಪ್ರಶ್ನೆ. ಹುಡುಕುವ ಜಾಗದಲ್ಲಿ ಕನ್ನಡ ಟೈಪ್ ಮಾಡುವುದು ಹೇಗೆ? ಬರಹದಲ್ಲಿ ಬರೆದು ಅಂಟಿಸಿದರೆ ಕಸ ಬರುತ್ತದೆ.

ಬೆಸುಗೆಕಡ್ಡಿ:
ಬರಹದ್ದು ಒಳಗೆ ಇಂಗ್ಲಿಷ್ ಸಂಕೇತವೇ, ಕಸವೇ ಬರಬೇಕು. ಹುಡುಕುವಾಗ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ, ಸರ್ಚ್ ಎಂಜಿನ್ ಸಾಮಾನ್ಯವಾಗಿ ಕನ್ನಡ ಪುಟವನ್ನೂ ಹಿಡಿದುಕೊಡುತ್ತದೆ. ಪದೇಪದೇ ಬೇಕಾಗುವ ಪುಟಗಳಿಗೆ ಬೇರೆ ಉಪಾಯ ಇದೆ. ಹೊಸ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಆ ಪುಟದ ವಿಳಾಸ ಕಾಪಿ ಮಾಡಿದರೆ ಕನ್ನಡ ಭಾಗವೆಲ್ಲ ಶೇಕಡಾ ಚಿಹ್ನೆ, ಅಂಕಿ, ಅಕ್ಷರಗಳ ಉದ್ದ ಸಾಲಾಗಿ ಬರುತ್ತದೆ. ಅದಕ್ಕೆ 98ರ ತಕರಾರಿಲ್ಲ. ಒಂದು ನೋಟ್‌ಪ್ಯಾಡ್ ಫೈಲ್‌ನಲ್ಲಿ ಇಟ್ಟುಕೊಂಡು ಡಬ್ಲ್ಯೂಆರ್‌ಪಿಯ ವಿಳಾಸದ ಡಬ್ಬಿಗೆ ಅಂಟಿಸಿ.

ಮಲೆನಾಡ್ ಮೋಡೆಮ್:
ಅಂಟಿಸಿ ನೋಡಿದೆ, ‘ಶಿವಮೊಗ್ಗ’ ಪುಟ ನೇರವಾಗಿ ತೆರೆಯಿತು. ಈ ಎಳೆಗೆ ‘ಪರಿಹಾರ ಸಿಕ್ಕಿದೆ’ ಅಂತ ಗುರುತು ಹಾಕುತ್ತಿದ್ದೇನೆ.