ಹೇಳದೆ ಕೇಳದೆ ಒಬ್ರು ಕೆಲ್ಸಕ್ಕೆ ಬರದಿದ್ರೆ ಎಷ್ಟು ಹೊತ್ತು ಕಾಯುದು?

ಸೀತಾಂಗೋಳಿಯವ
ನಮ್ದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ಸಣ್ಣ ಆಫೀಸು, ಐದೇ ಜನ. ಲೆಕ್ಕ ಬರೆಯುವ ಮಾಷ್ಟ್ರು ಹೆಂಡತಿ ತೀರಿಹೋದ ಮೇಲೆ ಮನೆಯಲ್ಲಿ ಒಬ್ರೇ, ಶುಗರಿಗೆ ಇನ್ಸುಲಿನ್ ತಗೊಳ್ತಾರೆ. ದಿನಾ ಒಂಬತ್ತಕ್ಕೆ ಐದು ನಿಮಿಷ ಇರುವಾಗ ಬಂದು ಕೊಡೆಯನ್ನು ಕಿಟಕಿ ಸರಳಿಗೆ ಸಿಕ್ಕಿಸುದು, ನಮ್ಗೆ ಅದೇ ಗಡಿಯಾರ. ಹೋದ ಮಂಗಳವಾರ ಕೊಡೆ ಇಲ್ಲ. ಫೋನ್ ಮಾಡಿದ್ರೆ ರಿಂಗ್ ಆಗ್ತದೆ, ಎತ್ತುದಿಲ್ಲ. ಜೋರು ಮಳೆ ಅಲ್ವಾ, ಬಸ್ಸು ಸಿಕ್ಲಿಲ್ವೋ ಏನೋ, ಯಾರ ಮನೆಯ ಪೂಜೆಗೋ ಹೋಗಿರ್ಬೇಕು ಅಂತ ನಾವೇ ಒಂದೊಂದು ಕಾರಣ ಕಟ್ಟಿ ಸುಮ್ಮನಾದೆವು. ಊಟಕ್ಕೆ ಕೂತಾಗ ಮನಸ್ಸು ಕೇಳ್ಲಿಲ್ಲ, ಬೈಕಲ್ಲಿ ಹೋಗಿ ನೋಡಿದ್ರೆ ಹಾಲಿನ ಪ್ಯಾಕೆಟ್ ಜಗಲಿಯಲ್ಲೇ ಉಂಟು, ಒಳಗೆ ಫ್ಯಾನ್ ತಿರುಗುವ ಸದ್ದು. ಹಿಂದಿನ ಬಾಗಿಲು ದೂಡಿದೆ, ಅಡಿಗೆಕೋಣೆ ನೆಲದಲ್ಲಿ ಬಿದ್ದಿದ್ದಾರೆ, ಮೈಯೆಲ್ಲ ಬೆವರು, ಮಾತು ತೊದಲು. ಶುಗರ್ ಡೌನ್. ಈಗ ಹುಷಾರಾಗಿದ್ದಾರೆ, ಆದ್ರೆ ಆ ನಾಲ್ಕು ಗಂಟೆ ನನ್ನ ತಲೆಯಿಂದ ಹೋಗ್ತಾ ಇಲ್ಲ. ಇದಕ್ಕೊಂದು ವ್ಯವಸ್ಥೆ ಮಾಡುವ ಅಂದ್ರೆ ಧನಿ "ಬೇರೆಯವರ ಮನೆ ವಿಷಯ ನಮ್ಗೆಂತಕ್ಕೆ" ಹೇಳ್ತಾರೆ. ನಿಮ್ಮಲ್ಲಿ ಎಂತ ಮಾಡ್ತೀರಿ?

ಉಪ್ಪಳ ಪ್ಯಾಸೆಂಜರ್
ಆಫೀಸಿನ ಕಥೆ ಬಿಡಿ ಮಾರಾಯ್ರೆ, ಅಲ್ಲಿ ಬರದಿದ್ರೆ ಲೀವ್ ಹಾಕ್ತಾರೆ ಅಷ್ಟೆ. ನಮ್ಮನ್ನು ನೋಡಿಕೊಳ್ಳುದು ದಿನಾ ಒಟ್ಟಿಗೆ ಮಂಗಳೂರಿಗೆ ಹೋಗುವ ಟ್ರೈನಿನ ಗ್ಯಾಂಗು. ಹಿಡಿದಿಟ್ಟ ಸೀಟು ಖಾಲಿ ಉಳಿದ್ರೆ ನೇತ್ರಾವತಿ ಸಂಕ ದಾಟುವುದರೊಳಗೆ ಫೋನ್ ಹೋಗ್ತದೆ.

ನೀರ್ಚಾಲಿನ ನರ್ಸ್
ಎಚ್ಚರ ಇದ್ದು ನುಂಗ್ಲಿಕ್ಕೆ ಆಗ್ತದೆ ಅಂದ್ರೆ ಮಾತ್ರ ಸಕ್ಕರೆ ನೀರು ಕೊಡಿ. ಎಚ್ಚರ ಇಲ್ಲದಿದ್ರೆ ಬಾಯಿಗೆ ಏನೂ ಹಾಕ್ಲಿಕ್ಕಿಲ್ಲ, ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಮತ್ತೊಂದು, ಮಾತು ತೊದಲುದು ಸ್ಟ್ರೋಕಲ್ಲೂ ಆಗ್ತದೆ, ಬಾಯಿ ಒಂದು ಕಡೆ ಸೊಟ್ಟ, ಒಂದು ಕೈ ಎತ್ಲಿಕ್ಕೆ ಆಗುದಿಲ್ಲ. ರಕ್ತ ಹೆಪ್ಪುಗಟ್ಟಿದ್ದನ್ನು ಕರಗಿಸುವ ಇಂಜೆಕ್ಷನ್ ಕೊಡುದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ, ಆ ಲೆಕ್ಕ ಶುರುವಾಗುದು ಅವರು ಕೊನೆಗೆ ಸರಿ ಇದ್ದದ್ದನ್ನು ಯಾರೋ ಕಂಡ ಹೊತ್ತಿಂದ, ನೀವು ಬಾಗಿಲು ತೆಗೆದ ಹೊತ್ತಿಂದ ಅಲ್ಲ. ಆಸ್ಪತ್ರೆಯಲ್ಲಿ ನಾವು ಕೇಳುವ ಮೊದಲ ಪ್ರಶ್ನೆಯೇ ಅದು. ಬೆಳಿಗ್ಗೆ ವಾಟ್ಸಾಪಲ್ಲಿ ಗುಡ್ ಮಾರ್ನಿಂಗ್ ಬಂದಿತ್ತಾ ನೋಡಿ ಟೈಮ್ ಬರೆದಿಡಿ.

ಮುಳ್ಳೇರಿಯಾ_ಮಳೆ
ನಾನು ಸ್ವಲ್ಪ ಉಲ್ಟಾ ಹೇಳ್ತೇನೆ. ಒಂದು ದಿನ ಮನಸ್ಸು ಸರಿ ಇಲ್ಲ ಅಂತ ಫೋನ್ ಬಂದ್ ಮಾಡಿ ಮಲಗಿದ್ದೆ, ಸಂಜೆಯೊಳಗೆ ಆಫೀಸಿನ ಮೂರು ಜನ ಗೇಟಲ್ಲಿ, ಅವರ ಹಿಂದೆ ಓನರು ಮಲಯಾಳದಲ್ಲಿ "ಎಂದಾ ಪಟ್ಟಿಯೆ" (ಎಂತ ಆಯ್ತು) ಅಂತ, ಮರುದಿನ ಪೇಟೆಯಿಡೀ ಸುದ್ದಿ. ಯಾರಿಗೆ ಫೋನ್ ಮಾಡ್ಬೇಕು, ಯಾರು ಬರ್ಬಹುದು ಅಂತ ಅವರವರನ್ನೇ ಕೇಳಿಡಿ, ಊರಿಗೆ ಡಂಗುರ ಬೇಡ.

ಪೆರ್ಲದ ಕಾಕ
ಮನೆಯಲ್ಲೂ ಇಲ್ಲದಿದ್ರೆ ಸ್ಟೇಷನಿಗೆ ಹೋಗಿ, 24 ಗಂಟೆ ಕಾಯ್ಬೇಕು ಹೇಳುದೆಲ್ಲ ಸುಳ್ಳು. ಕೇರಳ ಪೊಲೀಸ್ ಆಕ್ಟ್ 2011ರ 57ನೇ ಸೆಕ್ಷನ್ ಇರುದೇ ಕಾಣೆಯಾದವರನ್ನು ಹುಡುಕ್ಲಿಕ್ಕೆ. ಅರ್ಜೆಂಟಿಗೆ 112.

ಸೀತಾಂಗೋಳಿಯವ
ಮಾಷ್ಟ್ರ ಹತ್ರವೇ ಕೇಳಿದೆ. ಪಕ್ಕದ ಮನೆಯವರ ನಂಬರು, ಮಗಳ ನಂಬರು ಚೀಟಿಯಲ್ಲಿ ಬರೆದುಕೊಟ್ರು, ಬೀಗದ ಇನ್ನೊಂದು ಕೀ ಕೊಡ್ಲಿಕ್ಕೆ ಎರಡು ದಿನ ಆಲೋಚನೆ ಮಾಡಿದ್ರು. ಒಂಬತ್ತೂಕಾಲಕ್ಕೆ ಫೋನ್, ಎತ್ತದಿದ್ರೆ ಪಕ್ಕದ ಮನೆಗೆ ಅಂತ ಧನಿಯೂ ಒಪ್ಪಿದ್ರು. ಇವತ್ತು ಎಂಟೂವರೆಗೇ ಮಾಷ್ಟ್ರ ಮೆಸೇಜು: "ಜೀವ ಉಂಟು, ಬಸ್ಸಿಲ್ಲ."