ಪದ ಬೇಕು (ಅರ್ಜೆಂಟ್): ಹೈಡ್ರಾಲಿಕ್ ಫ್ಲೂಯಿಡ್‌ಗೆ ದ್ರವನಾ, ತೈಲನಾ, ಎಣ್ಣೆನಾ?

ಎಲ್ರಿಗೂ ನಮಸ್ಕಾರ,

ನಾಳೆ ಬೆಳಿಗ್ಗೆ 11ಕ್ಕೆ ಸ್ಟಿಕ್ಕರ್ ಪ್ರಿಂಟಿಗೆ ಕೊಡ್ಬೇಕು, ಅದಕ್ಕೇ ಈ ಆತುರ. ಚಿಕ್ಕಬಳ್ಳಾಪುರದ ಕಡೆ ಒಂದು ಕಲ್ಲು ಕ್ವಾರಿಯವ್ರು ತಮ್ಮ ಹಿಟಾಚಿ, ಜೆಸಿಬಿಗಳ ಟ್ಯಾಂಕ್ ಮುಚ್ಚಳದ ಪಕ್ಕ ಅಂಟಿಸೋಕೆ ಕನ್ನಡದಲ್ಲಿ ಬರೆದುಕೊಡಿ ಅಂದಿದಾರೆ. ವಿಷಯ ಇಷ್ಟೇ, ಹೇಳಿರೋ ಹೈಡ್ರಾಲಿಕ್ ಫ್ಲೂಯಿಡ್ ಬಿಟ್ಟು ಬೇರೆ ಏನೂ ಹಾಕ್ಬಾರ್ದು, ಬೇರೆ ಗ್ರೇಡ್ ಬೆರಸಬಾರ್ದು. ನಾನು ಮೊದಲು ಬರೆದಿದ್ದು: "ನಿರ್ದಿಷ್ಟಪಡಿಸಿದ ದ್ರವಚಾಲಿತ ದ್ರವವನ್ನು ಮಾತ್ರ ಬಳಸತಕ್ಕದ್ದು, ವಿಭಿನ್ನ ಸ್ನಿಗ್ಧತೆಯ ದ್ರವಗಳನ್ನು ಮಿಶ್ರಣ ಮಾಡಬಾರದು."

ಓದಿದ್ರೆ ನಂಗೇ ಹಿಂಸೆ ಆಗತ್ತೆ. ಸ್ಟಿಕ್ಕರ್ ಒಂದು ಗೇಣು ಅಗಲ, ಎರಡು ಸಾಲು ಹಿಡಿಸತ್ತೆ. ಓದೋರು ಆಪರೇಟರ್ ಮತ್ತೆ ಹೆಲ್ಪರ್ ಹುಡುಗ್ರು. ದಯವಿಟ್ಟು ಇವತ್ತು ರಾತ್ರಿಯೊಳಗೆ ಹೇಳಿ.

— ಬೆಂಗಳೂರಿನಿಂದ

---

> ದ್ರವಚಾಲಿತ ದ್ರವ

ಇದು ಕನ್ನಡ ಅಲ್ಲ. ಬಿಟ್ಟುಬಿಡಿ.

ಎಣ್ಣೆ ಅನ್ನಿ. ಎಳ್ + ನೆಯ್, ಎಳ್ಳಿನ ಜಿಡ್ಡು. ಆಮೇಲೆ ಅದೇ ಮಾತು ಹರಳೆಣ್ಣೆ, ಬೇವಿನೆಣ್ಣೆ, ಹೊಂಗೆ ಎಣ್ಣೆ ಅಂತ ಎಲ್ಲಾದಕ್ಕೂ ಹರಡ್ತು, ಕೊನೆಗೆ ನೆಲದಡಿಯಿಂದ ತೆಗೆದದ್ದಕ್ಕೂ ಬಂತು. ತೈಲ ಅಂದ್ರೆ ಗಂಭೀರವಾಗಿರತ್ತೆ ಅಂತ ಆಫೀಸಿನವರಿಗೆ ಒಂದು ಭ್ರಮೆ ಇದೆ, ತೈಲ ಹುಟ್ಟಿದ್ದು ತಿಲದಿಂದ, ಅದೂ ಎಳ್ಳೇ. ಮನೇಲಿ ಎಳ್ಳು ಇರುವಾಗ ಎರವಲು ಎಳ್ಳು ಯಾಕೆ ಬೇಕು?

ಇನ್ನು ಹೈಡ್ರಾಲಿಕ್. ಗ್ರೀಕಿನಲ್ಲಿ ಹ್ಯುಡೋರ್ ಅಂದ್ರೆ ನೀರು, ಔಲೋಸ್ ಅಂದ್ರೆ ಕೊಳಲು, ಕೊಳವೆ. ನೀರಿನ ಬಲದಿಂದ ಊದುವ ವಾದ್ಯಕ್ಕೆ ಇಟ್ಟ ಹೆಸರು. ಇವತ್ತಿನ ಯಂತ್ರದಲ್ಲಿ ಇರೋದು ನೀರೂ ಅಲ್ಲ, ಕೊಳಲೂ ಅಲ್ಲ. ಅದನ್ನ ಯಾಕೆ ಹೊರಬೇಕು? ನಮ್ಮಲ್ಲಿ ಕೀಲೆಣ್ಣೆ ಅನ್ನೋ ಚಿನ್ನದಂಥ ಪದ ಇದೆ. ನಮ್ಮ ಅಜ್ಜನ ಗಾಡಿಯ ಕೆಳಗೆ ಕೀಲೆಣ್ಣೆಯ ಗೊಟ್ಟ ನೇತಾಡ್ತಿತ್ತು, ಸುಟ್ಟ ಬೂದಿ ಹರಳೆಣ್ಣೇಲಿ ಕಲಸಿ ಅಚ್ಚಿಗೆ ಹಚ್ತಿದ್ರು. ಅದೇ ಬರೀರಿ.

— ಮೈಸೂರಿನಿಂದ

---

ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಐತಿ, ಆದ್ರ ಕೀಲೆಣ್ಣೆ ಬ್ಯಾಡ್ರಿ. ನಾನು ಸಂಡೂರು, ಹೊಸಪೇಟೆ ಕಡೆ 22 ವರ್ಷ ಮಷೀನ್ ರಿಪೇರಿ ಮಾಡೀನಿ, ಅದಕ್ಕ ಹೇಳ್ತೀನಿ.

ಕೀಲೆಣ್ಣೆ ಅಂದ್ರ ಉಜ್ಜಾಡೋ ಜಾಗಕ್ಕ ಹಚ್ಚೋದು. ಇವತ್ತಿಗೆ ಅದು ಗ್ರೀಸು, ಬಕೆಟ್ಟಿನ ಪಿನ್ನಿಗೆ ಗನ್ನಿನಾಗ ಹೊಡೀತೀವಲ್ಲ ಅದು. ಟ್ಯಾಂಕಿನಾಗಿನ ಆಯಿಲ್ ಹಂಗಲ್ಲ, ಅದೇ ಮಷೀನಿನ ಕೈ. ಪಂಪ್ ಅದನ್ನ ಒತ್ತತೈತಿ, ಅದು ಹೋಸಿನಾಗ ಹೋಗಿ ಸಿಲಿಂಡರಿನ ರಾಡ್ ನೂಕತೈತಿ, ಬೂಮ್ ಏಳತೈತಿ. ದೊಡ್ಡ ಹಿಟಾಚಿಯೊಳಗ ಸುಮಾರು 350 ಬಾರ್ ಒತ್ತಡ, ಕಾರಿನ ಟೈರಿನಾಗ 2 ಚಿಲ್ಲರೆ ಇರತೈತಿ, ನೀವೇ ಲೆಕ್ಕ ಹಾಕ್ರಿ. ಅದ್ರ ಜೊತಿಗೇ ಪಂಪಿಗೆ ಜಿಡ್ಡು ಕೊಡಬೇಕು, ಬಿಸಿ ಹೊತ್ತು ತಂದು ಕೂಲರಿಗೆ ಕೊಡಬೇಕು, ಕಸ ತಂದು ಫಿಲ್ಟರಿಗೆ ಬಿಡಬೇಕು. ಕೀಲೆಣ್ಣೆ ಅಂತ ಬರೆದ್ರ ಹೆಲ್ಪರ್ ಹುಡುಗ ಗ್ರೀಸ್ ಡಬ್ಬಿ ತಗೊಂಡು ಬರ್ತಾನ, ಅವನ ತಪ್ಪಲ್ಲ.

ಇನ್ನು "ದ್ರವ". ಇದನ್ನ ನಾನು ಯಾಕ ಒಪ್ಪಲ್ಲ ಅಂದ್ರ ಕೈ ಸುಟ್ಕೊಂಡೀನಿ. ಮೊದ್ಲು ನಾನಿದ್ದ ಒಂದು ಕಾಂಟ್ರಾಕ್ಟರ್ ಯಾರ್ಡಿನಾಗ ಗ್ವಾಡಿ ಮ್ಯಾಲ ಕನ್ನಡ ಚಾರ್ಟ್ ಹಾಕಿದ್ರು, "ಬ್ರೇಕ್ ದ್ರವ ಪರೀಕ್ಷಿಸಿ" ಅಂತ. ಹೊಸ ಹುಡುಗ ಓದಿದ, ಕಡಿಮಿ ಐತಿ ಅಂತ ಅಂಗಡಿಗೆ ಹೋಗಿ ಕಾರಿಗೆ ಹಾಕೋ ಡಾಟ್ 3 ಬ್ರೇಕ್ ಫ್ಲೂಯಿಡ್ ತಂದು ಸುರಿದ. ಆ ಬ್ಯಾಕ್‌ಹೋ ಮಷೀನಿನಾಗ ಬ್ರೇಕಿಗೂ ಮಿನರಲ್ ಹೈಡ್ರಾಲಿಕ್ ಆಯಿಲ್ಲೇ ಹಾಕಬೇಕು, ಡಾಟ್ 3 ಅನ್ನೋದು ಗ್ಲೈಕಾಲ್ ಜಾತಿದು, ಅದಕ್ಕೂ ಇದಕ್ಕೂ ಸಂಬಂಧಾನ ಇಲ್ಲ. ಸೀಲೆಲ್ಲ ಮೆತ್ತಗಾಗಿ ಊದ್ಕೊಂಡು ಬ್ರೇಕ್ ಹಿಡದಿದ್ದು ಬಿಡವಲ್ದು. ಎರಡೂ ಕಡೆ ಬಿಚ್ಚಿ ಸೀಲ್ ಕಿಟ್ ಬದಲಿ ಮಾಡಿದ್ವಿ, ಮಷೀನ್ ನಾಲ್ಕು ದಿನ ನಿಂತು. ಇಳಿಜಾರಿನಾಗ ಏನಾರ ಆಗಿದ್ರ? ಚಾರ್ಟಿನಾಗ ಯಾವ ಡಬ್ಬಿ ಅಂತ ಬರೆದಿದ್ರ ಅವ ಯಾಕ ತಪ್ಪು ಮಾಡ್ತಿದ್ದ?

ಡಬ್ಬಿ ಮ್ಯಾಲ ಏನು ಬರೆದೈತಿ, ಅಂಗಡ್ಯಾಗ ಏನು ಕೇಳ್ತಾರ, ಅದನ್ನೇ ಬರೀರಿ. "ಹೈಡ್ರಾಲಿಕ್ ಆಯಿಲ್". ಸ್ನಿಗ್ಧತೆ ಅಂದ್ರ ಆಯಿಲ್ ಎಷ್ಟು ಮಂದ ಅನ್ನೋದು, ಆ ಪದ ತೆಗೀರಿ, ನಂಬರ್ ಹಾಕ್ರಿ. ಆದ್ರ ನಂಬರಿನಾಗೂ ಮೋಸ ಐತಿ. ಐಎಸ್ಓ ವಿಜಿ 46 ಅಂದ್ರ 40 ಡಿಗ್ರಿ ಬಿಸಿಯೊಳಗ ಅಳೆದ ಮಂದ, ಎಸ್ಎಇ 40 ಅನ್ನೋ ಇಂಜಿನ್ ಆಯಿಲಿನ ಅಳತಿನೇ ಬ್ಯಾರೆ, ಅದು ಹೆಚ್ಚುಕಮ್ಮಿ ವಿಜಿ 150ರಷ್ಟು ದಪ್ಪ. 40, 46 ಅಕ್ಕಪಕ್ಕ ಅದಾವಲ್ಲ ಅಂತ ಹಾಕಿದ್ರ ಚಳಿಗಾಲದ ಮುಂಜಾನಿ ಪಂಪ್ ಹೀರಲಾರದ ಕೂಗತೈತಿ. ತೆಳು ಹಾಕಿದ್ರ ಬ್ಯಾಸಗಿ ಮಧ್ಯಾಹ್ನ ಒತ್ತಡ ನಿಲ್ಲಲ್ಲ, ಪಂಪ್ ಸವೀತೈತಿ.

— ಸಂಡೂರಿನಿಂದ

---

ಸಂಡೂರಿನವರು ಹೇಳಿದ್ದಕ್ಕೆ ಪೂರ್ತಿ ಒಪ್ಪಿಗೆ. ಸ್ನಿಗ್ಧತೆ ಬಗ್ಗೆ ಒಂದು ಮಾತು ಸೇರಿಸ್ತೇನೆ. ಸ್ನೇಹ ಅಂದ್ರೆ ಸಂಸ್ಕೃತದಲ್ಲಿ ಎಣ್ಣೆಯೂ ಹೌದು ಪ್ರೀತಿಯೂ ಹೌದು, ಸ್ನಿಗ್ಧ ಅಂದ್ರೆ ಎಣ್ಣೆಪಸೆ ಇರುವಂಥದ್ದು. ಹಾಗಾದ್ರೆ ಎಲ್ಲ ಎಣ್ಣೆಯೂ ಸ್ನಿಗ್ಧವೇ. ಮಂದ, ತೆಳು ಅನ್ನೋ ವ್ಯತ್ಯಾಸ ಆ ಪದದೊಳಗೆ ಇಲ್ಲ. ಪಾಠಪುಸ್ತಕ ಮಾಡಿದವರು ಅದನ್ನ ಹಾಗೆ ಒಗ್ಗಿಸಿಕೊಂಡ್ರು ಅಷ್ಟೆ, ಶಾಲೆ ಬಿಟ್ಟ ಮೇಲೆ ಯಾರ ಬಾಯಲ್ಲೂ ನಾನು ಕೇಳಿಲ್ಲ.

ಮೈಸೂರಿನ ಹಿರಿಯರಿಗೆ: ನಮ್ಮ ಹಿಂದಿನವರು ಹೊರಗಿನ ವಸ್ತು ಬಂದಾಗ ವ್ಯುತ್ಪತ್ತಿ ಕೇಳ್ಲಿಲ್ಲ. ಪರದೇಶದ್ದು ಅಂತ ಕಂಡ್ರೆ ಸೀಮೆಎಣ್ಣೆ ಅಂದ್ರು, ನಮ್ಮ ಕರಾವಳಿಯಲ್ಲಿ ಅದನ್ನ ಉರಿಸೋ ದೀಪ ನೋಡಿ ಚಿಮಣಿ ಎಣ್ಣೆ ಅಂದ್ರು. ಮೇಜು, ಸಾಬೂನು ಅಂತ ಬಂದದ್ದನ್ನ ಹಾಗೇ ಇಟ್ಟುಕೊಂಡ್ರು. ನಾಲ್ಕೂ ಕನ್ನಡವೇ. ಇಂಗ್ಲಿಷಿನವರ ಆಯಿಲ್ ಕೂಡ ಲ್ಯಾಟಿನ್ನಿನ ಓಲಿಯಂ ಮೂಲಕ ಬಂದದ್ದು, ಅದು ಆಲಿವ್ ಕಾಯಿಯ ಎಣ್ಣೆ. ಅವರೇನೂ ಆಲಿವ್ ಇಲ್ಲದ ಡಬ್ಬಿಯ ಮೇಲಿಂದ ಆ ಪದ ಅಳಿಸ್ಲಿಲ್ಲ.

— ಉಡುಪಿಯಿಂದ

---

ಸಾಬೂನು ಬಂದಾಗ ನಮ್ಮಲ್ಲಿ ಸಾಬೂನು ಇರಲಿಲ್ಲ. ಆಯಿಲ್ ಬರೋ ಮುಂಚೆ ಎಣ್ಣೆ ಇತ್ತು. ಎರಡೂ ಒಂದೇ ತಕ್ಕಡೀಲಿ ತೂಗ್ಬೇಡಿ. ಇಲ್ಲದ್ದನ್ನ ತಗೊಳ್ಳೋದು ಎರವಲು, ಇದ್ದದ್ದನ್ನ ತಳ್ಳಿ ತಗೊಳ್ಳೋದು ಸೋಮಾರಿತನ. ಕೀಲೆಣ್ಣೆ ಹಿಂದಕ್ಕೆ ತಗೋತೀನಿ, ಕೆಲಸ ಮಾಡಿದವರು ಹೇಳಿದ ಮೇಲೆ ವಾದ ಇಲ್ಲ. ಆದ್ರೆ "ಹೈಡ್ರಾಲಿಕ್ ಎಣ್ಣೆ" ಅಂದ್ರೆ ಯಾವ ಹುಡುಗನಿಗೆ ಅರ್ಥ ಆಗಲ್ಲ?

— ಮೈಸೂರಿನಿಂದ

---

ಅರ್ಥ ಆಗತೈತಿ ಸರ್, ಆದ್ರ ಡಬ್ಬಿ ಮ್ಯಾಲ ಹಂಗ ಇರಲ್ಲ. ಅದೂ ಅಲ್ಲದ ಬ್ರೇಕ್ ಫ್ಲೂಯಿಡಿಗೂ ನಮ್ಮ ಕಡೆ ಎಲ್ರೂ ಬ್ರೇಕ್ ಆಯಿಲ್ ಅಂತಾರ, ಅದು ಎಣ್ಣೇನ ಅಲ್ಲ. ಆ ಗೊಂದಲ ಇರೋ ಕಡೆ ಇನ್ನೊಂದು ಹೆಸರು ಸೇರಿಸೋದು ಬ್ಯಾಡ.

ಬೆಂಗಳೂರಿನವ್ರೇ, ಒಂದು ನೆನಪಿರಲಿ. ಸ್ಟಿಕ್ಕರಿನಾಗ "ಇಂಜಿನ್ ಆಯಿಲ್ ಹಾಕಬೇಡಿ" ಅಂತ ಎಲ್ಲಾ ಮಷೀನಿಗೂ ಅಚ್ಚು ಹಾಕಿಸಬ್ಯಾಡ್ರಿ. ಕೆಲವು ಕಂಪನಿಯವ್ರೇ ಹೈಡ್ರಾಲಿಕ್ಸಿಗೆ ಎಸ್ಎಇ 10 ಡಬ್ಲ್ಯೂ ಇಂಜಿನ್ ಆಯಿಲ್ ಹಾಕ್ರಿ ಅಂತ ಬುಕ್ಕಿನಾಗ ಕೊಟ್ಟಿರ್ತಾರ. ಮಷೀನಿನ ಬುಕ್ ನೋಡಿ ಆಯಿಲಿನ ಹೆಸರು, ನಂಬರ್ ಎರಡೂ ಬರೀಲಿ.

— ಸಂಡೂರಿನಿಂದ

---

ಎಲ್ರಿಗೂ ತುಂಬಾ ಥ್ಯಾಂಕ್ಸ್. ಕ್ವಾರಿಯವರ ಹತ್ರ ಈಗಷ್ಟೇ ಮಾತಾಡಿದೆ, ಮೂರು ಥರದ ಮಷೀನ್ ಇದಾವಂತೆ, ಒಂದಕ್ಕೆ 46, ಎರಡಕ್ಕೆ 68, ಮೂರೂ ಹೈಡ್ರಾಲಿಕ್ ಆಯಿಲ್ಲೇ, ಬುಕ್ಕಲ್ಲಿ ನೋಡಿಸಿದೀನಿ. ನಂಬರ್ ಜಾಗ ಖಾಲಿ ಬಿಟ್ಟು ಪೇಂಟಲ್ಲಿ ಬರೆಸ್ತಾರೆ. ಹೀಗೆ ಮಾಡಿದೀನಿ:

ಹೈಡ್ರಾಲಿಕ್ ಆಯಿಲ್ ವಿಜಿ ___ ಮಾತ್ರ ಹಾಕಿ
ಬೇರೆ ಆಯಿಲ್, ಬೇರೆ ನಂಬರ್ ಬೆರಸಬೇಡಿ

ಬ್ರೇಕಿನ ಡಬ್ಬಿಗೆ ಬೇರೆ ಸ್ಟಿಕ್ಕರ್, ಅದರ ಮೇಲೆ ಆ ಮಷೀನಿಗೆ ಹಾಕೋ ಆಯಿಲಿನ ಪೂರ್ತಿ ಹೆಸರು. ಕೊನೇ ಪ್ರಶ್ನೆ, ಬೆರಸಬೇಡಿನಾ ಬೆರೆಸಬೇಡಿನಾ?

— ಬೆಂಗಳೂರಿನಿಂದ

---

ಬೆರೆಸಬೇಡಿ. ಬೆರೆ, ಬೆರೆಸು. ಎಣ್ಣೆ ಅಂತ ಬರೀಬಹುದಿತ್ತು ಅಂತ ಈಗ್ಲೂ ಹೇಳ್ತೀನಿ.

— ಮೈಸೂರಿನಿಂದ